ಲಾಗಿನ್ ಆದೊಡನೆ ಏಳುವ ಕೀರಿಂಗ್: ಯಾವುದನ್ನು ನಿಲ್ಲಿಸಬೇಕು, ಯಾವುದನ್ನು ಮುಟ್ಟಬಾರದು

ಪ್ರಶ್ನೆ: ದಾವಣಗೆರೆಯ ವಿದ್ಯಾನಗರದಲ್ಲಿ ನಮ್ಮದು ನಾಲ್ಕು ಜನರ ಸಣ್ಣ ಆಫೀಸು. ಮಂಡಿಪೇಟೆಯ ಅಂಗಡಿಗಳು, ಹರಿಹರ ಮತ್ತು ಚಿತ್ರದುರ್ಗದ ಕೆಲವು ವ್ಯಾಪಾರಿಗಳ ವೆಬ್‌ಸೈಟು, ಬಿಲ್ಲಿಂಗ್ ಸರ್ವರ್ ನೋಡಿಕೊಳ್ಳುತ್ತೇವೆ. ಮೂರು ಕಂಪ್ಯೂಟರಿನಲ್ಲಿ ಉಬುಂಟು 22.04, ಒಂದರಲ್ಲಿ ಕ್ಸುಬುಂಟು ಇದೆ. ಲಾಗಿನ್ ಆದ ತಕ್ಷಣ, ಪಾಸ್‌ವರ್ಡು ಮತ್ತು ಕೀಗಳನ್ನು ಕಾಯುವ ಗ್ನೋಮ್ ಕೀರಿಂಗ್ ತಾನಾಗಿಯೇ ಎದ್ದು, ಸರ್ವರಿಗೆ ಹೋಗಲು ಬಳಸುವ ನಮ್ಮ 11 ಎಸ್ಎಸ್ಎಚ್ ಕೀಗಳನ್ನೂ ಹಿಡಿದುಕೊಂಡು ಕೂರುತ್ತದೆ. ಏಜೆಂಟಿನಿಂದ (ಕೀಗಳನ್ನು ಮೆಮೊರಿಯಲ್ಲಿಟ್ಟುಕೊಂಡು ಎಸ್ಎಸ್ಎಚ್‌ಗೆ ಒದಗಿಸುವ ಪ್ರೋಗ್ರಾಮಿನಿಂದ) ಎಲ್ಲವನ್ನೂ ಅಳಿಸಿದರೂ ಪಟ್ಟಿಯಲ್ಲಿ ಮತ್ತೆ ಕಾಣಿಸುತ್ತವೆ. ಹೊಸ ಸರ್ವರಿಗೆ ಹೋದರೆ ‘ಟೂ ಮೆನಿ ಅಥೆಂಟಿಕೇಶನ್ ಫೇಲ್ಯೂರ್ಸ್’ ಎಂದು ಹೊರಗೆ ಹಾಕುತ್ತದೆ. ಕೌಂಟರಿನ ಕಂಪ್ಯೂಟರಿಗೆ ಆಟೋ ಲಾಗಿನ್ ಇಟ್ಟಿದ್ದೇವೆ. ಕರೆಂಟು ಹೋಗಿ ಬಂದಾಗಲೆಲ್ಲ ‘ಅನ್‌ಲಾಕ್ ಲಾಗಿನ್ ಕೀರಿಂಗ್’ ಎಂದು ಪಾಸ್‌ವರ್ಡ್ ಕೇಳುತ್ತದೆ. ಸ್ಟಾರ್ಟಪ್ ಅಪ್ಲಿಕೇಶನ್ಸ್ ತೆರೆದು ನೋಡಿದರೆ ಇದರ ಹೆಸರೇ ಇಲ್ಲ. ಕೀರಿಂಗ್ ಪ್ಯಾಕೇಜನ್ನೇ ತೆಗೆದುಹಾಕಿದರೆ ಆಗುತ್ತದೆಯೇ ಸರ್?

ಉತ್ತರ: ಪ್ಯಾಕೇಜನ್ನು ತೆಗೆಯಬೇಡಿ. ನೆಗಡಿ ಬಂತೆಂದು ಮೂಗು ಕೊಯ್ದುಕೊಂಡ ಹಾಗಾಗುತ್ತದೆ. ನಿಮಗೆ ತೊಂದರೆ ಕೊಡುತ್ತಿರುವುದು ಕೀರಿಂಗಿನ ಮೂರು ಕೆಲಸಗಳಲ್ಲಿ ಒಂದು ಮಾತ್ರ. ಅದನ್ನಷ್ಟೇ ನಿಲ್ಲಿಸಲು ದಾರಿ ಇದೆ. ಕೌಂಟರಿನ ಕಂಪ್ಯೂಟರಿನದು ಬೇರೆಯೇ ಸಮಸ್ಯೆ, ಅದಕ್ಕೆ ಕೊನೆಯಲ್ಲಿ ಬರುತ್ತೇನೆ.

ಆ ಮೂರು ಕೆಲಸ ಯಾವುವೆಂದರೆ: ಪ್ರೋಗ್ರಾಮುಗಳ ಪಾಸ್‌ವರ್ಡ್ ಕಾಯುವ ಸೀಕ್ರೆಟ್ಸ್, ಸರ್ಟಿಫಿಕೇಟ್ ನೋಡಿಕೊಳ್ಳುವ ಪಿಕೆಸಿಎಸ್11, ಸರ್ವರ್ ಕೀಗಳನ್ನು ಹಿಡಿದುಕೊಳ್ಳುವ ಎಸ್ಎಸ್ಎಚ್. ಮೂರನ್ನೂ ಹಿನ್ನೆಲೆಯಲ್ಲಿ ಓಡುವ ಒಂದೇ ಪ್ರೋಗ್ರಾಮ್ (ಡೀಮನ್) ನಡೆಸಿದರೂ ಒಂದೊಂದನ್ನು ಎಬ್ಬಿಸಲು ಬೇರೆ ಬೇರೆ ಫೈಲುಗಳಿವೆ. ಸೀಕ್ರೆಟ್ಸ್ ಭಾಗಕ್ಕೆ ಕೈ ಹಾಕಿದರೆ ಏನಾಗುತ್ತದೆ ಎಂಬುದು ಮೊದಲು ಗೊತ್ತಿರಲಿ. ಕ್ರೋಮ್ ನೀವು ಉಳಿಸಿದ ಪಾಸ್‌ವರ್ಡುಗಳನ್ನು ಗೂಢಲಿಪಿಯಲ್ಲಿಟ್ಟು, ಅದನ್ನು ಬಿಡಿಸುವ ಕೀಯನ್ನು ಕೀರಿಂಗಿನಲ್ಲಿ ಇಡುತ್ತದೆ. ಕೀರಿಂಗ್ ಹೋದರೆ ಹಳೆಯ ಪಾಸ್‌ವರ್ಡುಗಳನ್ನು ಕ್ರೋಮ್‌ಗೇ ಓದಲಾಗುವುದಿಲ್ಲ. ಅಲ್ಲಿಂದ ಮುಂದೆ ಉಳಿಸುವುದೆಲ್ಲ ಎಲ್ಲರಿಗೂ ಗೊತ್ತಿರುವ ಒಂದು ಸ್ಥಿರ ಪಾಸ್‌ವರ್ಡಿನ ಆಸರೆಯಲ್ಲಿ ಇರುತ್ತದೆ. ಅದನ್ನು ರಕ್ಷಣೆ ಎನ್ನಲಾಗದು. ಒಬ್ಬ ಬಳಕೆದಾರನಿಗೆ ಮಾತ್ರ ಎಂದು ಉಳಿಸಿದ ವೈಫೈ ಪಾಸ್‌ವರ್ಡು, ಸೆಟಿಂಗ್ಸ್‌ನ ಆನ್‌ಲೈನ್ ಅಕೌಂಟ್ಸ್‌ಗೆ ಸೇರಿಸಿದ ಖಾತೆಗಳು, ಇವುಗಳ ಗುಟ್ಟೂ ಇಲ್ಲೇ ಇರುತ್ತದೆ. ಗಿರಾಕಿಗಳ ಹೋಸ್ಟಿಂಗ್ ಪಾಸ್‌ವರ್ಡುಗಳನ್ನು ಬ್ರೌಸರಿನಲ್ಲಿ ಉಳಿಸಿಕೊಂಡಿರುವ ಆಫೀಸಿನಲ್ಲಿ ಇದು ದೊಡ್ಡ ನಷ್ಟವೇ ಸರಿ.

ಇನ್ನೊಂದು ಮಾತು. ಈ ಉತ್ತರದಲ್ಲಿ ಆಜ್ಞೆಗಳನ್ನೂ ಫೈಲಿನ ಹೆಸರುಗಳನ್ನೂ ಕನ್ನಡ ಅಕ್ಷರದಲ್ಲೇ ಬರೆದಿದೆ. ಟರ್ಮಿನಲ್‌ನಲ್ಲಿ ಇವನ್ನು ಇಂಗ್ಲಿಷಿನ ಸಣ್ಣಕ್ಷರದಲ್ಲಿ ಹೊಡೆಯಬೇಕು. ದೊಡ್ಡಕ್ಷರ ಬೇಕಾದ ಕಡೆ ಹೇಳುತ್ತೇನೆ.

ಮೊದಲು ಕೀಗಳನ್ನು ಹಿಡಿದುಕೊಂಡವರು ಯಾರು ಎಂಬುದನ್ನು ಪತ್ತೆ ಮಾಡಿ. ಊಹೆಯ ಮೇಲೆ ಒಂದೊಂದೇ ಸರ್ವಿಸನ್ನು ಕೊಲ್ಲುತ್ತಾ ಹೋದರೆ ಕೆಲಸ ಕೆಡುತ್ತದೆ. ಎಸ್ಎಸ್ಎಚ್ ಯಾವ ಏಜೆಂಟಿನ ಜೊತೆ ಮಾತಾಡಬೇಕು ಎಂಬುದನ್ನು ಒಂದೇ ಒಂದು ಎನ್ವಿರಾನ್ಮೆಂಟ್ ವೇರಿಯಬಲ್ ಹೇಳುತ್ತದೆ. ಅದನ್ನು ಕೇಳಿ:

ಎಕೋ $ಎಸ್ಎಸ್ಎಚ್_ಆಥ್_ಸಾಕ್

ವೇರಿಯಬಲ್ಲಿನ ಹೆಸರು ಪೂರ್ತಿ ದೊಡ್ಡಕ್ಷರದಲ್ಲಿರಬೇಕು, ನಡುವೆ ಎರಡು ಅಂಡರ್‌ಸ್ಕೋರ್. ಆಥ್‌ಗೆ ಎ-ಯು-ಟಿ-ಎಚ್, ಸಾಕ್‌ಗೆ ಎಸ್-ಓ-ಸಿ-ಕೆ. ಉತ್ತರವಾಗಿ ಒಂದು ದಾರಿ ಬರುತ್ತದೆ. ಅದು /ರನ್/ಯೂಸರ್/1000/ಕೀರಿಂಗ್/ಎಸ್ಎಸ್ಎಚ್ ಎಂದಿದ್ದರೆ ಗ್ನೋಮ್ ಕೀರಿಂಗ್. 1000ದ ನಂತರ ಜಿಸಿಆರ್ ಎಂಬ ಫೋಲ್ಡರ್ ಕಂಡರೆ ಗ್ನೋಮ್‌ನದೇ ಹೊಸ ಜಿಸಿಆರ್ ಏಜೆಂಟ್. /ಟಿಎಂಪಿ ಒಳಗೆ ಎಸ್ಎಸ್ಎಚ್ ಎಂದು ಶುರುವಾಗುವ ಫೋಲ್ಡರ್ ಅಥವಾ ಓಪನ್‌ಎಸ್ಎಸ್ಎಚ್_ಏಜೆಂಟ್ ಎಂಬ ಹೆಸರು ಕಂಡರೆ ಓಪನ್‌ಎಸ್ಎಸ್ಎಚ್‌ನ ಸ್ವಂತ ಏಜೆಂಟ್. ಜಿಎನ್‌ಯುಪಿಜಿ ಫೋಲ್ಡರ್ ಕಂಡರೆ ಜಿಪಿಜಿ ಏಜೆಂಟ್. ಏನೂ ಬಾರದೆ ಖಾಲಿ ಸಾಲು ಬಂದರೆ ಯಾರೂ ಇಲ್ಲ. 1000 ಎಂಬುದು ಮೊದಲ ಬಳಕೆದಾರನ ಸಂಖ್ಯೆ; ನಿಮ್ಮ ಕಂಪ್ಯೂಟರಿನ ಎರಡನೆಯ ಬಳಕೆದಾರನಿಗೆ ಸಾಮಾನ್ಯವಾಗಿ 1001 ಇರುತ್ತದೆ.

ಆಮೇಲೆ ಏಜೆಂಟಿನ ಕೈಯಲ್ಲಿ ಏನೇನಿದೆ ನೋಡಿ:

ಎಸ್ಎಸ್ಎಚ್-ಆಡ್ -ಎಲ್

ಪಟ್ಟಿ ಬಂದರೆ ಕೀಗಳಿವೆ. ‘ದಿ ಏಜೆಂಟ್ ಹ್ಯಾಸ್ ನೋ ಐಡೆಂಟಿಟೀಸ್’ ಎಂದರೆ ಏಜೆಂಟ್ ಇದೆ, ಅದರ ಕೈ ಖಾಲಿ. ‘ಕುಡ್ ನಾಟ್ ಓಪನ್ ಎ ಕನೆಕ್ಷನ್’ ಎಂದರೆ ಏಜೆಂಟೇ ಇಲ್ಲ. ಸ್ಕ್ರಿಪ್ಟ್ ಬರೆಯುವವರಿಗೆ: ಇವುಗಳ ನಿರ್ಗಮನ ಸಂಖ್ಯೆ ಕ್ರಮವಾಗಿ 0, 1, 2.

ಅಳಿಸಿದ ಕೀಗಳು ಮತ್ತೆ ಕಾಣಿಸುವುದಕ್ಕೆ ಕಾರಣ ಸರಳ. ನಿಮ್ಮ ಹೋಮ್ ಫೋಲ್ಡರಿನ .ಎಸ್ಎಸ್ಎಚ್ ಒಳಗೆ ಪಬ್ ಎಂದು ಮುಗಿಯುವ ಫೈಲ್ ಎಷ್ಟಿವೆಯೋ ಅಷ್ಟನ್ನೂ ಕೀರಿಂಗ್ ಓದಿಕೊಂಡು, ಅವುಗಳ ಜೋಡಿ ಕೀಗಳನ್ನು ತನ್ನವೆಂದೇ ಪಟ್ಟಿಗೆ ಸೇರಿಸುತ್ತದೆ. ಎಸ್ಎಸ್ಎಚ್-ಆಡ್‌ಗೆ ದೊಡ್ಡಕ್ಷರದ -ಡಿ ಕೊಟ್ಟಾಗ ಮೆಮೊರಿಗೆ ಹಾಕಿದ್ದು ಹೋಗುತ್ತದೆ, ಫೋಲ್ಡರಿನಿಂದ ಓದಿದ ಪಟ್ಟಿ ಹಾಗೇ ಉಳಿಯುತ್ತದೆ. ಜಿಸಿಆರ್ ಏಜೆಂಟೂ ಹೀಗೇ ನಡೆದುಕೊಳ್ಳುತ್ತದೆ. ಓಪನ್‌ಎಸ್ಎಸ್ಎಚ್ ಏಜೆಂಟಿಗೆ ಈ ಅಭ್ಯಾಸವಿಲ್ಲ. ಅದು ಖಾಲಿ ಕೈಯಲ್ಲಿ ಏಳುತ್ತದೆ, ನೀವು ಕೊಟ್ಟಿದ್ದನ್ನಷ್ಟೇ ಇಟ್ಟುಕೊಳ್ಳುತ್ತದೆ.

ಹೊಸ ಸರ್ವರ್ ಹೊರಗೆ ಹಾಕುವುದೂ ಇದರಿಂದಲೇ. ಸರ್ವರಿನಲ್ಲಿ ಮ್ಯಾಕ್ಸ್‌ಆಥ್‌ಟ್ರೈಸ್ ಎಂಬ ಮಿತಿಯಿದೆ, ಯಾರೂ ಬದಲಿಸದಿದ್ದರೆ ಅದು 6. ಏಜೆಂಟ್ ಮುಂದಿಡುವ ಪ್ರತಿ ತಪ್ಪು ಕೀಯೂ ಒಂದು ಪ್ರಯತ್ನವೆಂದು ಲೆಕ್ಕಕ್ಕೆ ಹೋಗುತ್ತದೆ. 11 ಕೀಗಳಲ್ಲಿ ಸರಿಯಾದದ್ದು ಎಂಟನೆಯದಾಗಿದ್ದರೆ ಅದರ ಸರದಿ ಬರುವ ಮೊದಲೇ ಬಾಗಿಲು ಮುಚ್ಚಿರುತ್ತದೆ. ಸರ್ವರಿನ ಮಿತಿಯನ್ನು ಏರಿಸುವುದು ಇದಕ್ಕೆ ಮದ್ದಲ್ಲ. ಪಾಸ್‌ವರ್ಡ್ ಊಹಿಸುತ್ತಾ ಬರುವವರಿಗೂ ಅಷ್ಟೇ ಅವಕಾಶ ಹೆಚ್ಚುತ್ತದೆ.

ಈಗ ನಿಲ್ಲಿಸುವ ಕೆಲಸ. ಉಬುಂಟು 22.04ರಲ್ಲಿ ಕೀರಿಂಗಿನ ಎಸ್ಎಸ್ಎಚ್ ಭಾಗವನ್ನು ಎಬ್ಬಿಸುವ ಫೈಲು ಇದು:

/ಇಟಿಸಿ/ಎಕ್ಸ್‌ಡಿಜಿ/ಆಟೋಸ್ಟಾರ್ಟ್/ಗ್ನೋಮ್-ಕೀರಿಂಗ್-ಎಸ್ಎಸ್ಎಚ್.ಡೆಸ್ಕ್‌ಟಾಪ್

ಇದರೊಳಗೆ ‘ನೋಡಿಸ್‌ಪ್ಲೇ’ ಎಂಬ ಸಾಲಿಗೆ ಟ್ರೂ ಎಂದಿದೆ. ಸ್ಟಾರ್ಟಪ್ ಅಪ್ಲಿಕೇಶನ್ಸ್‌ನಲ್ಲಿ ನಿಮಗೆ ಹೆಸರು ಕಾಣದಿರುವುದು ಅದರಿಂದ. ಈ ಮೂಲ ಫೈಲನ್ನು ತಿದ್ದಬೇಡಿ: ತಿದ್ದಿದರೆ ಕಂಪ್ಯೂಟರಿನ ಎಲ್ಲ ಬಳಕೆದಾರರಿಗೂ ತಟ್ಟುತ್ತದೆ, ಅಪ್‌ಡೇಟ್ ಬಂದಾಗ ಹಳೆಯದನ್ನು ಇಡಲೇ ಹೊಸದನ್ನು ಹಾಕಲೇ ಎಂಬ ಪ್ರಶ್ನೆಯೂ ಎದುರಾಗುತ್ತದೆ. ಇದೇ ಹೆಸರಿನ ಫೈಲು ನಿಮ್ಮ ಹೋಮ್ ಫೋಲ್ಡರಿನ ಆಟೋಸ್ಟಾರ್ಟ್‌ನಲ್ಲಿದ್ದರೆ ಡೆಸ್ಕ್‌ಟಾಪ್ ಅದನ್ನೇ ಗಣಿಸುತ್ತದೆ, ಸಿಸ್ಟಮ್ಮಿನದನ್ನು ಬಿಟ್ಟುಬಿಡುತ್ತದೆ. ಆದ್ದರಿಂದ:

ಎಂಕೆಡಿಐಆರ್ -ಪಿ ~/.ಕಾನ್ಫಿಗ್/ಆಟೋಸ್ಟಾರ್ಟ್

ಸಿಪಿ /ಇಟಿಸಿ/ಎಕ್ಸ್‌ಡಿಜಿ/ಆಟೋಸ್ಟಾರ್ಟ್/ಗ್ನೋಮ್-ಕೀರಿಂಗ್-ಎಸ್ಎಸ್ಎಚ್.ಡೆಸ್ಕ್‌ಟಾಪ್ ~/.ಕಾನ್ಫಿಗ್/ಆಟೋಸ್ಟಾರ್ಟ್/

ಇಂಗ್ಲಿಷಿನಲ್ಲಿ ಎಕ್ಸ್‌ಡಿಜಿಯ ಮೊದಲ ಅಕ್ಷರ ಎಕ್ಸ್, ಎರಡನೆಯದು ಡಿ, ಮೂರನೆಯದು ಜಿ. ನಂತರ ನಕಲು ಫೈಲನ್ನು ಟೆಕ್ಸ್ಟ್ ಎಡಿಟರಿನಲ್ಲಿ ತೆರೆದು ಕೊನೆಗೆ ಒಂದು ಸಾಲು ಸೇರಿಸಿ:

ಹಿಡನ್=ಟ್ರೂ

ಹಿಡನ್‌ನ ಮೊದಲ ಅಕ್ಷರ ದೊಡ್ಡದು, ಟ್ರೂ ಪೂರ್ತಿ ಸಣ್ಣದು, ಸಮ ಚಿಹ್ನೆಯ ಅಕ್ಕಪಕ್ಕ ಖಾಲಿ ಜಾಗ ಬೇಡ. ಇಲ್ಲಿ ಎಡವುವ ಜಾಗ ಎರಡು. ಒಂದು, ನಕಲಿನ ಹೆಸರಲ್ಲಿ ಒಂದಕ್ಷರ ಬದಲಾದರೂ ಡೆಸ್ಕ್‌ಟಾಪ್ ಅದನ್ನು ಬೇರೆ ಪ್ರೋಗ್ರಾಮ್ ಎಂದುಕೊಂಡು ಮೂಲದ್ದನ್ನೂ ಎಬ್ಬಿಸುತ್ತದೆ. ಎರಡು, ಅಭ್ಯಾಸಬಲದಿಂದ ಮುಂದೆ ಸುಡೋ (ಪೂರ್ಣ ಅಧಿಕಾರದ ರೂಟ್ ಬಳಕೆದಾರನಾಗಿ ಆಜ್ಞೆ ನಡೆಸುವ ಪದ) ಸೇರಿಸಿದರೆ ಫೈಲಿನ ಒಡೆತನ ರೂಟ್‌ಗೆ ಹೋಗುತ್ತದೆ, ಆಮೇಲೆ ನಿಮಗೇ ತಿದ್ದಲು ಬಾರದು. ಇಡೀ ಕೆಲಸಕ್ಕೆ ಸುಡೋ ಬೇಕಾಗಿಲ್ಲ. ಪಕ್ಕದಲ್ಲಿ ಸೀಕ್ರೆಟ್ಸ್, ಪಿಕೆಸಿಎಸ್11 ಎಂಬ ಹೆಸರಿನ ಇನ್ನೆರಡು ಫೈಲುಗಳಿವೆ, ಅವನ್ನು ಹಾಗೇ ಬಿಡಿ.

ಈಗ ಲಾಗೌಟ್ ಆಗಿ ಮತ್ತೆ ಬನ್ನಿ. ಟರ್ಮಿನಲ್ ಮುಚ್ಚಿ ತೆರೆದರೆ ಸಾಲದು, ವೇರಿಯಬಲ್ ಬರುವುದು ಇಡೀ ಸೆಷನ್ನಿನಿಂದ. ಒಂದೇ ಟರ್ಮಿನಲ್‌ನಲ್ಲಿ ಹಲವು ಸೆಷನ್ ನಡೆಸುವ ಟಿಮಕ್ಸ್ ಬಳಸುವವರಿದ್ದರೆ ಅದರ ಹಳೆಯ ಸೆಷನ್ನುಗಳನ್ನೂ ಮುಚ್ಚಬೇಕು, ಇಲ್ಲದಿದ್ದರೆ ಇಲ್ಲದ ಸಾಕೆಟ್ಟಿನ (ಏಜೆಂಟಿನ ಜೊತೆ ಮಾತಾಡುವ ಕೊಂಡಿಯ) ದಾರಿಯನ್ನೇ ಅವು ಹಿಡಿದುಕೊಂಡಿರುತ್ತವೆ.

ಮತ್ತೆ ಆ ಎಕೋ ಆಜ್ಞೆ ಕೊಟ್ಟಾಗ ಈ ಸಲ ಓಪನ್‌ಎಸ್ಎಸ್ಎಚ್ ಏಜೆಂಟಿನ ದಾರಿ ಕಾಣಬಹುದು. ಒಂದನ್ನು ನಿಲ್ಲಿಸಿದರೆ ಇನ್ನೊಂದು ಬಂತಲ್ಲ ಎಂದು ಗಾಬರಿ ಬೇಡ. ವೇರಿಯಬಲ್ ಖಾಲಿ ಇದ್ದರೆ ಮಾತ್ರ ಏಳುವ ಏರ್ಪಾಡು ಅದಕ್ಕಿದೆ. ಇಷ್ಟು ದಿನ ಕೀರಿಂಗ್ ಮೊದಲೇ ಜಾಗ ಹಿಡಿಯುತ್ತಿದ್ದರಿಂದ ಸುಮ್ಮನಿತ್ತು. ಇದನ್ನು ಇರಲು ಬಿಡಿ ಎಂದೇ ನನ್ನ ಸಲಹೆ. ನಿಮ್ಮಂಥ ಕೆಲಸಕ್ಕೆ ಇದೇ ಸರಿಯಾದ ಏಜೆಂಟ್: ಬೆಳಿಗ್ಗೆ ಬೇಕಾದ ಕೀಯನ್ನು ಎಸ್ಎಸ್ಎಚ್-ಆಡ್ -ಟಿ 8ಎಚ್ ಎಂದು ಸೇರಿಸಿದರೆ 8 ಗಂಟೆಯ ನಂತರ ತಾನೇ ಮರೆತುಬಿಡುತ್ತದೆ. ಅದೂ ಬೇಡವೆಂದರೆ /ಇಟಿಸಿ/ಎಕ್ಸ್11/ಎಕ್ಸ್‌ಸೆಷನ್.ಆಪ್ಷನ್ಸ್ ಫೈಲಿನಲ್ಲಿ ಯೂಸ್-ಎಸ್ಎಸ್ಎಚ್-ಏಜೆಂಟ್ ಎಂಬ ಸಾಲಿನ ಮುಂದೆ # ಹಾಕಿ. ಈ ದಾರಿಯಲ್ಲಿ ಎರಡೂ ಕಡೆ ಎಕ್ಸ್ ದೊಡ್ಡಕ್ಷರ. ಇದಕ್ಕೆ ಸುಡೋ ಬೇಕು, ಎಲ್ಲ ಬಳಕೆದಾರರಿಗೂ ಅನ್ವಯಿಸುತ್ತದೆ.

ಮುಂದೆ ಹೊಸ ಆವೃತ್ತಿಗೆ ಹೋದಾಗ ಈ ಡೆಸ್ಕ್‌ಟಾಪ್ ಫೈಲೇ ಸಿಗದಿರಬಹುದು. ಗ್ನೋಮ್ ಕೀರಿಂಗ್ 46ರಿಂದ ಎಸ್ಎಸ್ಎಚ್ ಭಾಗವನ್ನು ಮೂಲದಲ್ಲೇ ಆಫ್ ಮಾಡಿಟ್ಟು (ಬೇಕಾದ ಡಿಸ್ಟ್ರೋ ಆನ್ ಮಾಡಿಕೊಳ್ಳಬಹುದು), ಆ ಕೆಲಸವನ್ನು ಜಿಸಿಆರ್‌ಗೆ ಒಪ್ಪಿಸಿದ್ದಾರೆ. ಯಾವ ಡಿಸ್ಟ್ರೋ (ಉಬುಂಟುವಿನಂಥ ಲಿನಕ್ಸ್ ವಿತರಣೆ) ಯಾವುದನ್ನು ಉಳಿಸಿಕೊಂಡಿದೆ ಎಂಬುದು ಬೇರೆ ಬೇರೆ, ಅದಕ್ಕೇ ಮೊದಲು ದಾರಿ ನೋಡಿ ಎಂದಿದ್ದು. ಜಿಸಿಆರ್ ಕಂಡರೆ ಆಟೋಸ್ಟಾರ್ಟ್ ಫೋಲ್ಡರ್ ತಡಕಿ ಪ್ರಯೋಜನವಿಲ್ಲ, ಅದು ಸರ್ವಿಸುಗಳನ್ನು ಎಬ್ಬಿಸುವ ಸಿಸ್ಟಮ್‌ಡಿಯಿಂದ ಏಳುತ್ತದೆ:

ಸಿಸ್ಟಮ್‌ಸಿಟಿಎಲ್ --ಯೂಸರ್ ಮಾಸ್ಕ್ --ನೌ ಜಿಸಿಆರ್-ಎಸ್ಎಸ್ಎಚ್-ಏಜೆಂಟ್.ಸಾಕೆಟ್ ಜಿಸಿಆರ್-ಎಸ್ಎಸ್ಎಚ್-ಏಜೆಂಟ್.ಸರ್ವಿಸ್

ಸಾಕೆಟ್, ಸರ್ವಿಸ್ ಎರಡನ್ನೂ ಹೆಸರಿಸಿ. ಸರ್ವಿಸನ್ನು ಮಾತ್ರ ನಿಲ್ಲಿಸಿದರೆ ಸಾಕೆಟ್ ಕಾದು ಕೂತಿರುತ್ತದೆ, ನೀವು ಎಸ್ಎಸ್ಎಚ್ ಕೊಟ್ಟ ಕ್ಷಣವೇ ಸರ್ವಿಸನ್ನು ಮತ್ತೆ ಎಬ್ಬಿಸುತ್ತದೆ. ‘ನಿಲ್ಲಿಸಿದರೂ ನಿಲ್ಲುತ್ತಿಲ್ಲ’ ಎಂಬ ದೂರಿನ ಮೂಲ ಬಹುಪಾಲು ಇದೇ. ಮಾಸ್ಕ್ ಬದಲು ಡಿಸೇಬಲ್ ಕೊಟ್ಟರೆ ಸಾಲದೆ ಇರುವುದಕ್ಕೂ ಕಾರಣವಿದೆ: ಡಿಸ್ಟ್ರೋದವರು ಇಡೀ ಕಂಪ್ಯೂಟರಿಗೆಂದು ಎನೇಬಲ್ ಮಾಡಿಟ್ಟಿದ್ದನ್ನು ಒಬ್ಬ ಬಳಕೆದಾರನ ಡಿಸೇಬಲ್ ಅಳಿಸಲಾರದು. ಮಾಸ್ಕ್ ಆದರೆ ನಿಮ್ಮ ಹೋಮ್ ಫೋಲ್ಡರಿನಲ್ಲಿ ಆ ಹೆಸರನ್ನು /ಡೆವ್/ನಲ್‌ಗೆ ಕಟ್ಟಿಹಾಕುತ್ತದೆ. ಇಲ್ಲೂ ಸುಡೋ ಬೇಡ. ಸುಡೋ ಸೇರಿಸಿದರೆ ಆಜ್ಞೆ ರೂಟ್‌ನ ಸೆಷನ್ ಹುಡುಕಿಕೊಂಡು ಹೋಗುತ್ತದೆ. ಜಿಪಿಜಿ ಏಜೆಂಟ್ ಕಂಡವರು ಜಿಪಿಜಿ-ಏಜೆಂಟ್-ಎಸ್ಎಸ್ಎಚ್.ಸಾಕೆಟ್ ಮಾಸ್ಕ್ ಮಾಡಿ, ಹೋಮ್ ಫೋಲ್ಡರಿನ .ಜಿಎನ್‌ಯುಪಿಜಿ ಒಳಗಿನ ಜಿಪಿಜಿ-ಏಜೆಂಟ್.ಕಾನ್ಫ್ ಫೈಲಿನಿಂದ ಎನೇಬಲ್-ಎಸ್ಎಸ್ಎಚ್-ಸಪೋರ್ಟ್ ಸಾಲನ್ನು ತೆಗೆಯಬೇಕು.

ಕ್ಸುಬುಂಟು ಕಂಪ್ಯೂಟರಿನಲ್ಲಿ ಬೀಗ ಬೇರೆ ಕಡೆ ಇದೆ. ಎಕ್ಸ್‌ಎಫ್‌ಸಿಇಯ ಸೆಟಿಂಗ್ಸ್‌ನಲ್ಲಿ ‘ಸೆಷನ್ ಅಂಡ್ ಸ್ಟಾರ್ಟಪ್’ ತೆರೆದು ‘ಅಡ್ವಾನ್ಸ್ಡ್’ ಹಾಳೆಗೆ ಹೋಗಿ. ‘ಲಾಂಚ್ ಗ್ನೋಮ್ ಸರ್ವಿಸಸ್ ಆನ್ ಸ್ಟಾರ್ಟಪ್’ ಎಂಬುದಕ್ಕೆ ಟಿಕ್ ಇದ್ದರೆ ಕೀರಿಂಗ್ ಅಲ್ಲಿಂದ ಏಳುತ್ತಿದೆ. ಇದನ್ನು ತೆಗೆದರೆ ಸೀಕ್ರೆಟ್ಸ್ ಭಾಗಕ್ಕೂ ಪೆಟ್ಟು ಬೀಳಬಹುದು, ಆದ್ದರಿಂದ ಆ ಕಂಪ್ಯೂಟರಿನಲ್ಲಿ ಕ್ರೋಮ್ ಪಾಸ್‌ವರ್ಡು ಉಳಿಸಿದ್ದರೆ ಟಿಕ್ ಹಾಗೇ ಇಟ್ಟು ಮೇಲೆ ಹೇಳಿದ ಹಿಡನ್ ಫೈಲಿನ ದಾರಿಯನ್ನು ಮೊದಲು ನೋಡಿ. ಎಕ್ಸ್‌ಎಫ್‌ಸಿಇ ತನ್ನ ಪಾಡಿಗೆ ಎಸ್ಎಸ್ಎಚ್ ಏಜೆಂಟನ್ನೂ ಎಬ್ಬಿಸುತ್ತದೆ. ಅದನ್ನು ನಿಲ್ಲಿಸಲು:

ಎಕ್ಸ್‌ಎಫ್‌ಕಾನ್ಫ್-ಕ್ವೆರಿ -ಸಿ ಎಕ್ಸ್‌ಎಫ್‌ಸಿಇ4-ಸೆಷನ್ -ಪಿ /ಸ್ಟಾರ್ಟಪ್/ಎಸ್ಎಸ್ಎಚ್-ಏಜೆಂಟ್/ಎನೇಬಲ್ಡ್ -ಎನ್ -ಟಿ ಬೂಲ್ -ಎಸ್ ಫಾಲ್ಸ್

ಮುಂದೊಮ್ಮೆ ಕೆಡಿಇ ಹಾಕಿಕೊಂಡರೆ ಅಲ್ಲಿ ಕೀರಿಂಗ್ ಬದಲು ಕೆವಾಲೆಟ್ ಇರುತ್ತದೆ, ಸಿಸ್ಟಮ್ ಸೆಟಿಂಗ್ಸ್‌ನಲ್ಲೇ ಒಂದು ಟಿಕ್‌ನಿಂದ ನಿಲ್ಲಿಸಬಹುದು.

ನಾಲ್ಕೂ ಕಂಪ್ಯೂಟರಿನ .ಬ್ಯಾಶ್‌ಆರ್‌ಸಿ ಫೈಲನ್ನು ಒಮ್ಮೆ ನೋಡಿ. ಎಸ್ಎಸ್ಎಚ್-ಏಜೆಂಟ್ ಹೆಸರಿರುವ, ಇವ್ಯಾಲ್ ಎಂದು ಶುರುವಾಗುವ ಸಾಲು ಯಾರಾದರೂ ಎಂದೋ ಸೇರಿಸಿದ್ದರೆ ಪ್ರತಿ ಟರ್ಮಿನಲ್ಲಿಗೂ ಹೊಸ ಏಜೆಂಟ್ ಹುಟ್ಟುತ್ತದೆ. ಒಂದು ಟರ್ಮಿನಲ್‌ನಲ್ಲಿ ಸೇರಿಸಿದ ಕೀ ಇನ್ನೊಂದರಲ್ಲಿ ಕಾಣದು, ಟರ್ಮಿನಲ್ ಮುಚ್ಚಿದರೂ ಏಜೆಂಟ್ ಸಾಯದು. ಪಿಗ್ರೆಪ್ -ಎ ಎಸ್ಎಸ್ಎಚ್-ಏಜೆಂಟ್ ಎಂದು ಕೊಟ್ಟಾಗ ಉದ್ದ ಪಟ್ಟಿ ಬಂದರೆ ಇದೇ ಕಾರಣ. ಆ ಸಾಲನ್ನು ಅಳಿಸಿ.

ಇಷ್ಟೆಲ್ಲ ಆದರೂ 11 ಕೀಗಳ ಸಮಸ್ಯೆಯನ್ನು ಬೇರಿನಿಂದ ಕೀಳುವುದು ಏಜೆಂಟನ್ನು ನಿಲ್ಲಿಸುವುದರಿಂದಲ್ಲ, ಯಾವ ಸರ್ವರಿಗೆ ಯಾವ ಕೀ ಎಂದು ಬರೆದಿಡುವುದರಿಂದ. .ಎಸ್ಎಸ್ಎಚ್ ಫೋಲ್ಡರಿನ ಕಾನ್ಫಿಗ್ ಎಂಬ ಫೈಲಿನಲ್ಲಿ ಪ್ರತಿ ಗಿರಾಕಿಗೂ ನಾಲ್ಕೈದು ಸಾಲು ಸಾಕು:

ಹೋಸ್ಟ್ ಮಂಡಿಪೇಟೆ
  ಹೋಸ್ಟ್‌ನೇಮ್ ಸರ್ವರಿನ ವಿಳಾಸ
  ಯೂಸರ್ ಲಾಗಿನ್ ಹೆಸರು
  ಐಡೆಂಟಿಟಿಫೈಲ್ ~/.ಎಸ್ಎಸ್ಎಚ್/ಗಿರಾಕಿ/ಮಂಡಿಪೇಟೆ
  ಐಡೆಂಟಿಟೀಸ್‌ಓನ್ಲಿ ಎಸ್

ಕೊನೆಯ ಸಾಲಿನ ‘ಎಸ್’ ಅಂದರೆ ವೈ-ಇ-ಎಸ್. ಇದೇ ಮುಖ್ಯ ಸಾಲು. ಬರೀ ಐಡೆಂಟಿಟಿಫೈಲ್ ಕೊಟ್ಟು ಇದನ್ನು ಬಿಟ್ಟರೆ ಏಜೆಂಟಿನಲ್ಲಿರುವ ಉಳಿದ ಕೀಗಳೂ ಸಾಲಿಗೆ ನಿಲ್ಲುತ್ತವೆ, 6ರ ಮಿತಿ ಮತ್ತೆ ಮುಗಿಯುತ್ತದೆ. ಇದನ್ನು ಬರೆದರೆ ಹೆಸರಿಸಿದ ಕೀ ಮಾತ್ರ ಹೋಗುತ್ತದೆ. ಅದು ಏಜೆಂಟಿನಲ್ಲಿದ್ದರೆ ಸಹಿ ಏಜೆಂಟಿನಿಂದಲೇ ಆಗುತ್ತದೆ, ಪಾಸ್‌ಫ್ರೇಸ್ (ಕೀಗೆ ಇಟ್ಟ ಪಾಸ್‌ವರ್ಡ್) ಮತ್ತೆ ಕೇಳುವುದಿಲ್ಲ. ಒಂದು ಸರ್ವರಿಗೆ ಯಾವ ಏಜೆಂಟೂ ಬೇಡವೆಂದರೆ ಐಡೆಂಟಿಟಿಏಜೆಂಟ್ ನನ್ ಎಂದು ಇನ್ನೊಂದು ಸಾಲು ಸೇರಿಸಿ. ಓಪನ್‌ಎಸ್ಎಸ್ಎಚ್ 7.3ರಿಂದ, ಅಂದರೆ 2016ರಿಂದ ಈ ಸೌಲಭ್ಯವಿದೆ.

ಮೇಲಿನ ದಾರಿಯಲ್ಲಿ ‘ಗಿರಾಕಿ’ ಎಂಬ ಒಳಫೋಲ್ಡರ್ ಇಟ್ಟಿದ್ದಕ್ಕೂ ಅರ್ಥವಿದೆ. ಕೀರಿಂಗ್ ಆಗಲಿ ಜಿಸಿಆರ್ ಆಗಲಿ .ಎಸ್ಎಸ್ಎಚ್ ಫೋಲ್ಡರಿನ ಮೇಲುಮಟ್ಟವನ್ನು ಮಾತ್ರ ಹುಡುಕುತ್ತವೆ, ಒಳಗಿನ ಫೋಲ್ಡರಿಗೆ ಇಳಿಯುವುದಿಲ್ಲ. ಕೀಗಳನ್ನು ಒಳಗೆ ಸರಿಸಿದರೆ ಸಾಕು, ತಾನಾಗಿ ಹಿಡಿದುಕೊಳ್ಳುವುದು ನಿಲ್ಲುತ್ತದೆ. ಯಾವ ಸರ್ವಿಸನ್ನೂ ಮುಟ್ಟಲು ಮನಸ್ಸಿಲ್ಲದವರಿಗೆ ಇಷ್ಟೇ ಸಾಕು. ಸರಿಸಿದ ಮೇಲೆ ಫೋಲ್ಡರಿನ ಅನುಮತಿ 700, ಖಾಸಗಿ ಕೀಯ ಅನುಮತಿ 600 ಇದೆಯೇ ನೋಡಿ. 644 ಇದ್ದರೆ ಎಸ್ಎಸ್ಎಚ್ ಆ ಕೀಯನ್ನು ಮೂಸಿಯೂ ನೋಡುವುದಿಲ್ಲ. ನೀವು ಇಲ್ಲಿ ಕನ್ನಡದಲ್ಲಿ ಕಂಡ ಫೋಲ್ಡರ್, ಕೀ, ಹೋಸ್ಟ್ ಹೆಸರುಗಳನ್ನು ಇಂಗ್ಲಿಷ್ ಅಕ್ಷರದಲ್ಲೇ ಇಡಿ, ಟರ್ಮಿನಲ್‌ನಲ್ಲಿ ಹೊಡೆಯಲು ಸುಲಭ.

ಸರಿಯಾಯಿತೇ ಎಂದು ತಿಳಿಯಲು ಎಸ್ಎಸ್ಎಚ್ -ವಿ ಮಂಡಿಪೇಟೆ ಎಂದು ಕೊಟ್ಟು, ಬರುವ ಸಾಲುಗಳಲ್ಲಿ ‘ಆಫರಿಂಗ್ ಪಬ್ಲಿಕ್ ಕೀ’ ಎಂಬುದನ್ನು ಎಣಿಸಿ. ಒಂದೇ ಇರಬೇಕು. ‘ಏಜೆಂಟ್ ರಿಫ್ಯೂಸ್ಡ್ ಆಪರೇಶನ್’ ಎಂದು ಬಂದರೆ ಏಜೆಂಟ್ ಕೀಯನ್ನು ಪಟ್ಟಿಯಲ್ಲಿ ತೋರಿಸಿಯೂ ಸಹಿ ಹಾಕಲು ಒಪ್ಪಿಲ್ಲ: ಪಾಸ್‌ಫ್ರೇಸ್ ಪೆಟ್ಟಿಗೆಯನ್ನು ಯಾರೋ ಕ್ಯಾನ್ಸಲ್ ಮಾಡಿರುತ್ತಾರೆ, ಇಲ್ಲವೇ ಕೀಯ ಅನುಮತಿ ಸಡಿಲ ಇರುತ್ತದೆ. ಇನ್ನೂ ಬಹಳ ಹಳೆಯ ಡೆಸ್ಕ್‌ಟಾಪ್ ನಡೆಸುವ ಗಿರಾಕಿಗಳಿದ್ದರೆ ಮೂರನೆಯ ಕಾರಣವೂ ಉಂಟು. ಗ್ನೋಮ್ ಕೀರಿಂಗ್ 3.28ಕ್ಕಿಂತ ಹಿಂದಿನವು ಎಡ್25519 ಮಾದರಿಯ ಕೀಗಳನ್ನು ನಿಭಾಯಿಸುತ್ತಿರಲಿಲ್ಲ; 3.28ರಿಂದ ಅದು ಒಳಗೊಳಗೆ ಓಪನ್‌ಎಸ್ಎಸ್ಎಚ್ ಏಜೆಂಟನ್ನೇ ಬಳಸುತ್ತದೆ.

ಈಗ ಕೌಂಟರಿನ ಕಂಪ್ಯೂಟರ್. ಅಲ್ಲಿ ಪಾಸ್‌ವರ್ಡ್ ಕೇಳುತ್ತಿರುವುದು ಎಸ್ಎಸ್ಎಚ್ ಭಾಗವಲ್ಲ, ಸೀಕ್ರೆಟ್ಸ್ ಭಾಗ. ಲಾಗಿನ್ ಕೀರಿಂಗಿನ ಬೀಗ ತೆರೆಯುವುದು ನೀವು ಲಾಗಿನ್‌ಗೆ ಹೊಡೆಯುವ ಪಾಸ್‌ವರ್ಡಿನಿಂದ. ಲಾಗಿನ್ ಪರೀಕ್ಷಿಸುವ ಪ್ಯಾಮ್ ಎಂಬ ಭಾಗ ಅದನ್ನು ಕೀರಿಂಗಿಗೆ ದಾಟಿಸುತ್ತದೆ. ಆಟೋ ಲಾಗಿನ್‌ನಲ್ಲಿ ಯಾರೂ ಪಾಸ್‌ವರ್ಡ್ ಹೊಡೆಯುವುದಿಲ್ಲ, ಹಾಗಾಗಿ ಕ್ರೋಮ್ ತೆರೆದ ಕೂಡಲೇ ಆ ಪೆಟ್ಟಿಗೆ ಏಳುತ್ತದೆ. ಪಾಸ್‌ವರ್ಡ್ ಹೊಡೆದೇ ಲಾಗಿನ್ ಆಗುವ ಕಂಪ್ಯೂಟರಿನಲ್ಲೂ ಇದು ಬಂದರೆ, ಮರೆತ ಪಾಸ್‌ವರ್ಡನ್ನು ಯಾರೋ ಸುಡೋ ಬಳಸಿ ಬದಲಿಸಿದ್ದಾರೆ ಎಂದರ್ಥ. ಆಗ ಕೀರಿಂಗಿನದು ಹಳೆಯ ಪಾಸ್‌ವರ್ಡಿನಲ್ಲೇ ಉಳಿದಿರುತ್ತದೆ. ‘ಪಾಸ್‌ವರ್ಡ್ಸ್ ಅಂಡ್ ಕೀಸ್’ ಪ್ರೋಗ್ರಾಮ್ ತೆರೆದು, ಲಾಗಿನ್ ಎಂಬುದರ ಮೇಲೆ ಬಲ ಕ್ಲಿಕ್ ಮಾಡಿ, ‘ಚೇಂಜ್ ಪಾಸ್‌ವರ್ಡ್’ನಲ್ಲಿ ಹಳೆಯದು ಹೊಸದು ಎರಡನ್ನೂ ಕೊಟ್ಟರೆ ಸರಿಹೋಗುತ್ತದೆ.

ಆಟೋ ಲಾಗಿನ್ ಉಳಿಸಿಕೊಂಡು ಪೆಟ್ಟಿಗೆ ಮಾತ್ರ ಬೇಡವೆಂದರೆ ಇದೇ ಜಾಗದಲ್ಲಿ ಹೊಸ ಪಾಸ್‌ವರ್ಡನ್ನು ಖಾಲಿ ಬಿಡಬಹುದು. ಗೂಢಲಿಪಿ ಇಲ್ಲದೆ ಉಳಿಯುತ್ತದೆ ಎಂದು ಎಚ್ಚರಿಸುತ್ತದೆ, ಅದು ನಿಜ: ಡಿಸ್ಕ್ ಕೈಗೆ ಸಿಕ್ಕವರು ಉಳಿಸಿದ್ದೆಲ್ಲವನ್ನೂ ಓದಬಹುದು. ಗಿರಾಕಿಗಳು ಬಂದು ಹೋಗುವ ಕೌಂಟರಿನಲ್ಲಿ ನಿಮ್ಮದೇ ಖಾತೆಗೆ ಹೀಗೆ ಮಾಡಬೇಡಿ. ಬಿಲ್ಲಿಂಗಿಗೆಂದೇ ಅಧಿಕಾರವಿಲ್ಲದ ಇನ್ನೊಂದು ಬಳಕೆದಾರ ಖಾತೆ ತೆರೆದು, ಆಟೋ ಲಾಗಿನ್ ಅದಕ್ಕೆ ಕೊಡಿ, ಅದರ ಕೀರಿಂಗಿಗೆ ಮಾತ್ರ ಖಾಲಿ ಪಾಸ್‌ವರ್ಡ್ ಇಡಿ. ಆ ಖಾತೆಯಲ್ಲಿ ಒಂದೂ ಎಸ್ಎಸ್ಎಚ್ ಕೀ ಇರಬಾರದು, ಬ್ರೌಸರಿನಲ್ಲಿ ಬ್ಯಾಂಕಿನ ಅಥವಾ ಜಿಎಸ್‌ಟಿ ಪಾಸ್‌ವರ್ಡ್ ಉಳಿಸಬಾರದು. ವೈಫೈ ಸೆಟಿಂಗ್‌ನಲ್ಲಿ ಈ ಕಂಪ್ಯೂಟರಿನ ಎಲ್ಲ ಬಳಕೆದಾರರಿಗೂ ಎಂಬ ಆಯ್ಕೆಗೆ ಟಿಕ್ ಹಾಕಿದರೆ ಅದರ ಪಾಸ್‌ವರ್ಡಿಗೆ ಕೀರಿಂಗಿನ ಹಂಗೇ ಇರುವುದಿಲ್ಲ, ಕರೆಂಟು ಬಂದ ಕೂಡಲೇ ನೆಟ್ ತಾನೇ ಸೇರಿಕೊಳ್ಳುತ್ತದೆ.

ಯಾವುದಾದರೂ ಹಂತದಲ್ಲಿ ಮೊದಲಿನಂತೆ ಆಗಬೇಕೆಂದರೆ ~/.ಕಾನ್ಫಿಗ್/ಆಟೋಸ್ಟಾರ್ಟ್ ಒಳಗಿನ ನಕಲು ಫೈಲನ್ನು ಅಳಿಸಿ, ಮಾಸ್ಕ್ ಮಾಡಿದ್ದಕ್ಕೆ ಅನ್‌ಮಾಸ್ಕ್ ಕೊಟ್ಟು, ಲಾಗೌಟ್ ಆಗಿ ಬನ್ನಿ. ಮೂಲ ಫೈಲುಗಳನ್ನು ಮುಟ್ಟಿಲ್ಲವಾದ್ದರಿಂದ ಹಳೆಯ ಸ್ಥಿತಿಗೆ ಬರಲು ಇಷ್ಟೇ ಸಾಕು. ಮೊದಲು ಒಂದೇ ಕಂಪ್ಯೂಟರಿನಲ್ಲಿ ಮಾಡಿ, ಎರಡು ಮೂರು ದಿನ ಎಲ್ಲ ಸರ್ವರಿಗೂ ಹೋಗಿ ಬಂದು ನೋಡಿ, ಆಮೇಲೆ ಉಳಿದವಕ್ಕೆ ಕೈ ಹಾಕಿ.